ರೋಲರ್ ಕೆಳಗಿನ ದುರ್ಗದಬೈಲ್

ಹುಬ್ಬಳ್ಳಿ
11 ನವೆಂಬರ್ 2024

ಅಪ್ಪಾ,

ಫೋನಿನಲ್ಲಿ ನಿನಗೆ ನನ್ನ ಮಾತು ಸರಿಯಾಗಿ ಕೇಳಿಸುವುದಿಲ್ಲ. ಕೇಳಿಸಿದರೂ ಅವ್ವನ ಕೈಗೆ ಕೊಟ್ಟುಬಿಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಗಣೇಶಗುಡಿಗೆ, ತಮ್ಮ ಬಾಲು ಕೆಲಸ ಮಾಡುವ ರಾಫ್ಟಿಂಗ್ ಕ್ಯಾಂಪಿನ ವಿಳಾಸಕ್ಕೆ ಹಾಕುತ್ತೇನೆ. ನಿಮ್ಮ ರಸ್ತೆ ಕೆಲಸದ ಶೆಡ್ಡಿಗೆ ಬರುವಾಗ ಅವನು ತಂದುಕೊಡಲಿ.

ಮುಂಡಗೋಡದ ಶಾಲೆಯ ನೌಕರಿ ಬೇಡವೆಂದು ನಾನು ಬಂದ ದಿನದಿಂದ ನಾವಿಬ್ಬರೂ ಮಾತಾಡಿಲ್ಲ. ಡ್ರಾಯಿಂಗ್ ಟೀಚರ್, ಅದೂ ಪರ್ಮನೆಂಟ್. ಆ ಒಂದು ಶಬ್ದಕ್ಕಾಗಿ ನೀನು ರೋಲರಿನ ಮೇಲೆ ಕೂತು ಅರ್ಧ ಆಯುಷ್ಯ ಕಾದೆ. ನಿನಗೆ ಸಿಗಲಿಲ್ಲ. ನನಗೆ ಸಿಕ್ಕಿತು, ನಾನು ಬಿಟ್ಟೆ. ಅದನ್ನು ಮತ್ತೆ ಕೆದಕಲು ಬರೆಯುತ್ತಿಲ್ಲ. ಬಿಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಹಗಲೆಲ್ಲ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅದಕ್ಕೆ ಮೊದಲು, ಬೆಳಗಿನ ಹೊತ್ತು, ಕಟ್ಟಿಗೆ ಕೆತ್ತುತ್ತೇನೆ.

ಈಗ ಕೆತ್ತುತ್ತಿರುವುದು ಒಂದು ಇಡೀ ಪ್ಲೈವುಡ್ ಹಲಗೆ. ನಮ್ಮ ಮನೆಯ ಬಾಗಿಲಿಗಿಂತ ದೊಡ್ಡದು. ಅದರೊಳಗೆ ಇಲ್ಲಿಯ ಪೇಟೆ ದುರ್ಗದಬೈಲಿನ ಒಂದು ಸಂಜೆ ಇದೆ. ಮಿರ್ಚಿ ಕರಿಯುವ ಕಡಾಯಿ, ಅದರ ಹೊಗೆಯಲ್ಲಿ ಮಸುಕಾದ ಬಲ್ಬು, ಬಳೆ ಇಡಿಸಿಕೊಳ್ಳಲು ಕೈ ಚಾಚಿದವರು, ಮಧ್ಯದಲ್ಲಿ ಸಿಕ್ಕಿಕೊಂಡ ಆಟೋ, ಚೀಲ ಹಿಡಿದು ಮನೆಗೆ ಹೊರಟ ನೂರಾರು ಜನ, ಮೂಲೆಯಲ್ಲಿ ನನ್ನ ಮನೆಯ ಓಣಿಗೆ ತಿರುಗುವ ದಾರಿ. ಹಲಗೆಗೆ ಮಸಿ ಸವರಿ, ಮೇಲೆ ಬಟ್ಟೆ ಹಾಸಿ, ಭಾರ ಕೊಟ್ಟು ಒತ್ತಿದರೆ ಚಿತ್ರ ಬಟ್ಟೆಗೆ ಇಳಿಯುತ್ತದೆ. ಉಳಿಯಿಂದ ತೆಗೆದ ಜಾಗ ಬೆಳಕಾಗುತ್ತದೆ, ಬಿಟ್ಟ ಜಾಗ ಕತ್ತಲೆಯಾಗುತ್ತದೆ.

ಇಷ್ಟು ದೊಡ್ಡ ಹಲಗೆ ಹಿಡಿಯುವ ಯಂತ್ರ ಇಲ್ಲಿ ಎಲ್ಲೂ ಇಲ್ಲ. ನಾನು ಕಲಿತ ಧಾರವಾಡದ ಕಾಲೇಜಿನ ಯಂತ್ರವೂ ಸಾಲದು. ಕತ್ತರಿಸಿ ತುಂಡು ತುಂಡಾಗಿ ಒತ್ತು ಎನ್ನುತ್ತಾರೆ. ಕತ್ತರಿಸುವುದಿಲ್ಲ.

ಅಪ್ಪಾ, ನನಗೆ ನಿನ್ನ ರೋಲರ್ ಬೇಕು. ಒಂದು ದಿನ ಸಾಕು. ನೀನೇ ನಡೆಸಬೇಕು. ಜನವರಿ ಕೊನೆಗೆ ಧಾರವಾಡದಲ್ಲಿ ಪ್ರದರ್ಶನವಿದೆ.

ಉತ್ತರ ಬರುತ್ತದೆಂದು ನಂಬಿರುವ
ತುಳಜಾ


ಜೋಯಿಡಾ ರಸ್ತೆ ಕ್ಯಾಂಪ್
24 ನವೆಂಬರ್ 2024

ತುಳಜಾ,

ಕಾಗದ ಮುಟ್ಟಿತು. ನಾನು ಆರಾಮ ಇದ್ದೇನೆ. ನಿನ್ನ ಅವ್ವ ಇಲ್ಲಿಯೇ ಶೆಡ್ಡಿನಲ್ಲಿ ಗ್ಯಾಂಗಿನವರಿಗೆ ಅಡುಗೆ ಮಾಡುತ್ತಾಳೆ. ಅವಳೂ ಆರಾಮ.

ರೋಲರ್ ಇರುವುದು ರಸ್ತೆಗೆ, ಚಿತ್ರಕ್ಕಲ್ಲ. ಅದು ಗುತ್ತಿಗೆದಾರ ಮಹಾಬಳೇಶ್ವರ ಅವರ ಮಶೀನು. ಉಳವಿ ಜಾತ್ರೆಗೆ ಹೋಗುವ ಚಕ್ಕಡಿಗಳು ಬರುವುದರೊಳಗೆ ರಸ್ತೆ ಮುಗಿಯಬೇಕೆಂದು ಅವರ ಬೆನ್ನ ಮೇಲೆ ಸಾಹೇಬರು ಕೂತಿದ್ದಾರೆ. ಮಶೀನಿಗೆ ಬಿಡುವಿಲ್ಲ.

ಮುಂಡಗೋಡದಲ್ಲಿ ಇದ್ದಿದ್ದರೆ ಶಾಲೆಯವರೇ ನಿನಗೊಂದು ಯಂತ್ರ ಕೊಡಿಸುತ್ತಿದ್ದರೋ ಏನೋ.

ಕೈಗೆ ಉಳಿ ತಾಗಿಸಿಕೊಳ್ಳಬೇಡ ಎಂದು ಅವ್ವ ಬರೆಯಲು ಹೇಳಿದ್ದಾಳೆ.

ಕಾಶಿರಾಮ


ಹುಬ್ಬಳ್ಳಿ
2 ಡಿಸೆಂಬರ್ 2024

ಅಪ್ಪಾ,

ನೀನು ಬರೆದೆಯಲ್ಲ, ಅದು ಸಾಕು. ಶಾಲೆಯ ಮಾತು ನಿನ್ನದು, ಇರಲಿ. ರೋಲರಿನ ಮಾತು ನನ್ನದು, ಅದನ್ನು ಬಿಡುವುದಿಲ್ಲ.

ಇದರ ಜೊತೆ ಒಂದು ಕಾಗದದ ತುಂಡಿದೆ. ಹಲಗೆಯ ಒಂದು ಮೂಲೆಗೆ ಮಸಿ ಹಚ್ಚಿ, ಚಮಚದ ಬೆನ್ನಿನಿಂದ ತಿಕ್ಕಿ ತೆಗೆದ ಅಚ್ಚು. ಮಿರ್ಚಿ ಅಂಗಡಿ ಇರುವ ಮೂಲೆ. ಇಷ್ಟು ತಿಕ್ಕುವುದರೊಳಗೆ ನನ್ನ ತೋಳು ಸೋತುಹೋಯಿತು. ಇಡೀ ಹಲಗೆಯನ್ನು ಹೀಗೆ ತಿಕ್ಕಿದರೆ ಕೆಳಗಿನ ಸಾಲು ಮುಗಿಯುವ ಹೊತ್ತಿಗೆ ಮೇಲಿನ ಸಾಲಿನ ಮಸಿ ಒಣಗಿರುತ್ತದೆ.

ಇದೇ ಅಚ್ಚನ್ನು ಮಿರ್ಚಿ ಅಂಗಡಿಯವರಿಗೆ ತೋರಿಸಿದೆ. ಅವರು ಎಣ್ಣೆಗೈಯಲ್ಲಿ ಮುಟ್ಟದೆ, ಬಗ್ಗಿ ನೋಡಿದರು.

"ನಾ ಇಷ್ಟ ಡೊಗ್ಗಿರ್ತೇನೇನ್ರಿ?" ಎಂದು ಅಚ್ಚಿನಲ್ಲಿ ಬೆನ್ನು ಬಾಗಿಸಿ ನಿಂತ ತಮ್ಮನ್ನೇ ತೋರಿಸಿದರು.

"ಸಂಜಿ ಆತಂದ್ರ ಡೊಗ್ತೀರಿ" ಅಂದೆ.

"ಖರೇ ಐತಿ ಬಿಡ್ರಿ. ಆದ್ರ ಬರೇ ನಾ ಒಬ್ಬಾಂವ ಇದ್ದೇನಲ್ಲ, ಗಿರಾಕಿ ಎಲ್ಲಿ? ಗಿರಾಕಿ ಇಲ್ದ ಅಂಗಡಿ ತಗದ್ರ ನೋಡಿದವ್ರು ಏನಂದಾರು?"

ಅದಕ್ಕೇ ಇಡೀ ಹಲಗೆ ಒಟ್ಟಿಗೇ ಬರಬೇಕು ಅಪ್ಪಾ. ನಾನು ಹೊಸದಾಗಿ ಬಂದಾಗ ಆ ಗುಂಪಿಗೆ ಹೆದರುತ್ತಿದ್ದೆ. ಗೋಡೆ ಹಿಡಿದು ನಡೆಯುತ್ತಿದ್ದೆ. ದಿನಾ ನಿಂತು ಚಿತ್ರ ಬರೆಯತೊಡಗಿದ ಮೇಲೆ ಗೊತ್ತಾಯಿತು, ಅಲ್ಲಿ ಯಾರೂ ಯಾರನ್ನೂ ದೂಡುವುದಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತವಳು ಬಂದರೆ ಒಂದು ಭುಜ ಓರೆಯಾಗುತ್ತದೆ, ಕೂಸು ಎತ್ತಿಕೊಂಡವನು ಬಂದರೆ ಒಂದು ಸ್ಕೂಟರ್ ಹಿಂದೆ ಸರಿಯುತ್ತದೆ. ಹೆಸರು ಗೊತ್ತಿಲ್ಲದವರು ಒಬ್ಬರಿಗೊಬ್ಬರು ಇಷ್ಟಿಷ್ಟೇ ಜಾಗ ಬಿಟ್ಟುಕೊಡುತ್ತಾ ಮನೆ ಮುಟ್ಟುತ್ತಾರೆ. ಅದು ತುಂಡಿನಲ್ಲಿ ಕಾಣುವುದಿಲ್ಲ. ಬಟ್ಟೆಯ ಮುಂದೆ ನಿಂತವರಿಗೆ ತಾವೂ ಆ ಸಂದಣಿಯಲ್ಲಿ ಒಂದು ಹೆಜ್ಜೆ ಇಟ್ಟಂತಾಗಬೇಕು.

ಗುತ್ತಿಗೆದಾರರನ್ನು ಒಮ್ಮೆ ಕೇಳಿ ನೋಡು. ನೀನು ಕೇಳದಿದ್ದರೆ ನಾನೇ ಬಂದು ಕೇಳುತ್ತೇನೆ.

ನಿನ್ನಷ್ಟೇ ಹಟದ
ತುಳಜಾ


ಜೋಯಿಡಾ ರಸ್ತೆ ಕ್ಯಾಂಪ್
15 ಡಿಸೆಂಬರ್ 2024

ತುಳಜಾ,

ಅಚ್ಚು ನೋಡಿದೆ. ಹೊಗೆ ಹೊಗೆಯ ಹಾಗೆಯೇ ಇದೆ. ಕಟ್ಟಿಗೆಯಲ್ಲಿ ಹೊಗೆ ಹೇಗೆ ಕೆತ್ತುತ್ತಾರೋ ನನಗೆ ತಿಳಿಯದು. ಅವ್ವ ಅದನ್ನು ಶೆಡ್ಡಿನ ತಗಡಿಗೆ ಅಂಟಿಸಿದ್ದಾಳೆ.

ರೋಲರಿನ ಮಾತು ಇನ್ನು ತೆಗೆಯಬೇಡ. ನೀನು ಇಲ್ಲಿಗೆ ಬರುವುದೂ ಬೇಡ.

ಕಾಶಿರಾಮ


(ಅದೇ ಲಕೋಟೆಯಲ್ಲಿ, ಬೇರೆ ಕೈಬರಹದಲ್ಲಿ)

ಅಕ್ಕಾ,

ಅಪ್ಪನ ಕಾಗದವನ್ನು ಅಂಚೆಗೆ ಹಾಕುವವನು ನಾನೇ, ಅದಕ್ಕೇ ಇದನ್ನೂ ಒಳಗೆ ತುರುಕುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಅತ್ತು ಅವ್ವನಿಗೆ ಫೋನ್ ಮಾಡುತ್ತೀ, ಅವ್ವ ಅಪ್ಪನಿಗೆ ಹೇಳುತ್ತಾಳೆ.

ಅಪ್ಪ ಈಗ ರೋಲರ್ ನಡೆಸುವುದಿಲ್ಲ. ದಸರೆ ಮುಗಿದ ಮೇಲೆ ಒಂದು ದಿನ ಅಪ್ಪ ಹಿಂದಕ್ಕೆ ತೆಗೆದುಕೊಳ್ಳುವಾಗ ಗ್ಯಾಂಗಿನ ಗುರುಬಸವ್ವ ಬುಟ್ಟಿ ಎತ್ತಲು ಹಿಂದೆಯೇ ಬಗ್ಗಿದ್ದಳಂತೆ. ಎಲ್ಲರೂ ಕೂಗಿದರು. ಅಪ್ಪನಿಗೆ ಕೇಳಿಸಲಿಲ್ಲ. ಸುಭಾಸ ಅನ್ನುವವನು ಮುಂದೆ ಓಡಿಬಂದು ಟವೆಲ್ ಬೀಸಿದ ಮೇಲೆ ಅಪ್ಪ ನಿಲ್ಲಿಸಿದ. ಗಾಲಿ ಬುಟ್ಟಿಯನ್ನು ಅಪ್ಪಚ್ಚಿ ಮಾಡಿತ್ತು. ಗುರುಬಸವ್ವನಿಗೆ ಏನೂ ಆಗಲಿಲ್ಲ. ಅವತ್ತೇ ಗುತ್ತಿಗೆದಾರರು ಅಪ್ಪನನ್ನು ಕೆಳಗಿಳಿಸಿದರು. ಈಗ ಮಶೀನು ನಡೆಸುವುದು ಸುಭಾಸ. ಅಪ್ಪ ರಸ್ತೆಯ ತುದಿಯಲ್ಲಿ ಕೆಂಪು ಹಸಿರು ಬಾವುಟ ಹಿಡಿದು ಗಾಡಿ ನಿಲ್ಲಿಸುತ್ತಾನೆ. ಊಟದ ಹೊತ್ತಿಗೆ ಎಲ್ಲರೂ ನೆರಳಿಗೆ ಹೋದ ಮೇಲೆ ಮಶೀನನ್ನು ಒರೆಸುತ್ತಾನೆ.

ಕಿವಿ ತೋರಿಸೋಣ ಎಂದು ನಾನು ಅಂದರೆ, "ನನ್ನ ಕಿವಿ ನೆಟ್ಟಗದಾವ, ನೀವs ಸಣ್ಣ ದನಿಲೇ ಮಾತಾಡ್ತೀರಿ" ಅನ್ನುತ್ತಾನೆ.

ನಾನು ಹೇಳಿದೆ ಎಂದು ಗೊತ್ತಾಗಬಾರದು.

ಬಾಲು


ಹುಬ್ಬಳ್ಳಿ
20 ಡಿಸೆಂಬರ್ 2024

ಅಪ್ಪಾ,

ಮಾತು ತೆಗೆಯಬೇಡ ಎಂದಿದ್ದೀ. ತೆಗೆಯುತ್ತಿದ್ದೇನೆ.

ಹಲಗೆಯ ಕೆತ್ತನೆ ಮುಗಿಯಿತು. ಒತ್ತುವ ದಿನ ಹೇಗೆ ಮಾಡಬೇಕೆಂದು ಕೂತು ಯೋಚಿಸಿದ್ದೇನೆ. ಕೇಳು.

ಹಲಗೆಯ ಆಚೆ ತುದಿಯಲ್ಲಿ, ನಿನಗೆ ಎದುರಾಗಿ, ನಾನು ನಿಲ್ಲುತ್ತೇನೆ. ಎರಡೂ ಅಂಗೈ ನನ್ನ ಕಡೆ ಬೀಸಿದರೆ ನೀನು ಮುಂದೆ ಬರಬೇಕು. ಒಂದು ಕೈ ಇಳಿಸಿದರೆ ನಿಧಾನ. ಯಾವ ಕೈ ಚಾಚಿದೆನೋ ಆ ಕಡೆಗೆ ಕೂದಲೆಳೆಯಷ್ಟು. ಮುಷ್ಟಿ ಕಟ್ಟಿದರೆ ನಿಲ್ಲಬೇಕು. ನಿನ್ನ ಪಕ್ಕದಲ್ಲಿ, ಹಿಂದೆ, ಯಾರು ಏನು ಕೂಗಿದರೂ ನೀನು ಕೇಳಬೇಕಾಗಿಲ್ಲ. ಎಲ್ಲರ ಮಾತನ್ನೂ ನಾನು ಕೇಳಿಸಿಕೊಂಡು ಕೈಯಲ್ಲಿ ಹೇಳುತ್ತೇನೆ. ನೀನು ನನ್ನ ಕೈ ಮಾತ್ರ ನೋಡು.

ಬೇರೆ ಯಾರಾದರೂ ಬಂದು ನಡೆಸುತ್ತಾರೆ ಎಂದರೆ ನಾನು ಹಲಗೆಯನ್ನು ಗೋಡೆಗೆ ಆನಿಸಿ ಇಟ್ಟುಬಿಡುತ್ತೇನೆ. ಒಂದು ಸಂಜೆಯಷ್ಟು ಜನ ಅದರ ಮೇಲಿದ್ದಾರೆ. ಅವರ ಮೇಲೆ ಹಾಯುವ ಗಾಲಿ ನಿನ್ನದೇ ಆಗಿರಬೇಕು.

ನಿನ್ನ ಒಂದು ಮಾತಿಗೆ ಕಾದಿರುವ
ತುಳಜಾ


ಜೋಯಿಡಾ ರಸ್ತೆ ಕ್ಯಾಂಪ್
30 ಡಿಸೆಂಬರ್ 2024

ತುಳಜಾ,

ಬಾಲುವಿನ ಬಾಯಿಗೆ ಬೀಗ ಇಲ್ಲ.

ನಿನ್ನ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಕೆಲವು ದಿನ ಕೆಲಸಕ್ಕೆ ಹೋದೆ. ಬಾವುಟ ಹಿಡಿದು ನಿಂತಾಗ ನಾನು ಮಾಡುವುದೂ ಅದೇ ಅಲ್ಲವೇ ಅನಿಸಿತು. ಡ್ರೈವರುಗಳು ಗಾಜು ಏರಿಸಿಕೊಂಡು ಬರುತ್ತಾರೆ. ಅವರಿಗೂ ನನ್ನ ಮಾತು ಕೇಳಿಸುವುದಿಲ್ಲ. ಕೈ ನೋಡಿ ನಿಲ್ಲುತ್ತಾರೆ.

ಮೊನ್ನೆ ಮಹಾಬಳೇಶ್ವರ ಅವರು ಜೀಪಿನಲ್ಲಿ ಬಂದಾಗ ಹೋಗಿ ನಿಂತೆ. ಕೇಳುವುದನ್ನು ಬಿಟ್ಟು ಬಾವುಟ ಸುತ್ತಿದೆ. ನಿನ್ನ ಅವ್ವ ಅಡುಗೆ ಬಿಟ್ಟು ಬಂದು, ಶೆಡ್ಡಿನ ತಗಡಿನಿಂದ ಕಿತ್ತುಕೊಂಡು ಬಂದ ಮಿರ್ಚಿ ಅಂಗಡಿಯನ್ನು ಅವರ ಕೈಗೆ ಕೊಟ್ಟು ಮಶೀನು ಕೇಳಿದಳು. ಅವರು ಬಹಳ ಹೊತ್ತು ನೋಡಿ ನಕ್ಕರು. ಏನೋ ಅಂದರು. ಅವ್ವ ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು. "ರವಿವಾರ ಕೆಲಸ ಇಲ್ಲ, ಮಶೀನು ತಗೋರಿ ಅಂತಾರ. ಆದ್ರ ಸುಭಾಸ ಬಾಜೂಕ ನಿಂದರಬೇಕಂತ. ಕೀಲಿ ಅವನ ಹತ್ರನs ಇರ್ತೈತಂತ."

ಆ ಹುಡುಗನ ಹತ್ತಿರ ಕೀಲಿ ಇಸಿದುಕೊಂಡು ನಾನು ಹತ್ತಬೇಕು. ಹತ್ತುತ್ತೇನೆ.

ಹಲಗೆ ಎಷ್ಟು ದಪ್ಪ ಎಂದು ಬರೆ. ಡಾಂಬರು ಹಾಕಿ ತಣ್ಣಗಾದ, ಸಪಾಟಾದ ಜಾಗ ಒಂದು ನೋಡಿಟ್ಟಿದ್ದೇನೆ. ಜಲ್ಲಿ ಕೂರಿಸಲು ಗಾಲಿಯನ್ನು ಗದಗದ ನಡುಗಿಸುವ ವೈಬ್ರೇಟರ್ ಬಂದ್ ಮಾಡಿಯೇ ನಡೆಸುತ್ತೇನೆ, ಇಲ್ಲದಿದ್ದರೆ ನಿನ್ನ ಜನ ಎಲ್ಲ ನಡುಗಿಹೋಗುತ್ತಾರೆ.

ಬರುವಾಗ ಒಂದು ಹಳೆಯ ಕಂಬಳಿ ತಾ.

ಅಪ್ಪ


ಹುಬ್ಬಳ್ಳಿ
14 ಜನವರಿ 2025

ಬಾಲು,

ರವಿವಾರ ನಿನ್ನ ದೋಣಿಗಳೆಲ್ಲ ಪ್ರವಾಸಿಗಳಿಂದ ತುಂಬಿದ್ದವು, ಬರಲಾಗಲಿಲ್ಲ ಎಂದು ಬೇಜಾರು ಮಾಡಿಕೊಂಡಿದ್ದೀ. ಫೋನಿನಲ್ಲಿ ಅರ್ಧಂಬರ್ಧ ಹೇಳಲು ಮನಸ್ಸಾಗಲಿಲ್ಲ. ಅದಕ್ಕೇ ಎಲ್ಲವನ್ನೂ ಬರೆಯುತ್ತೇನೆ.

ಟಾಟಾ ಏಸ್ ಗಾಡಿಯಲ್ಲಿ ಹಲಗೆ ಹಾಕಿಕೊಂಡು ಹಳಿಯಾಳ, ದಾಂಡೇಲಿ ದಾಟಿ ಹೋದೆ. ಅಪ್ಪ ಗಡ್ಡ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. ನನ್ನ ಮುಖ ನೋಡಲಿಲ್ಲ. ಹಲಗೆ ಇಳಿಸಿದ ಮೇಲೆ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಸವರುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದ. ಆಮೇಲೆ ನನ್ನ ಕೈ ಹಿಡಿದು ತಿರುಗಿಸಿ ನೋಡಿದ.

ಮಸಿ ಹಚ್ಚಿ, ಮಾಂಜರಪಾಟ ಬಟ್ಟೆ ಹಾಸಿ, ಮೇಲೆ ಕಂಬಳಿ ಹೊದಿಸಿದೆವು. ಸುಭಾಸ ಒಳ್ಳೆಯವನು. ಅಪ್ಪ ಕೇಳುವುದಕ್ಕೆ ಮೊದಲೇ ಕೀಲಿಯನ್ನು ಮಶೀನಿಗೇ ಸಿಕ್ಕಿಸಿ ಇಳಿದಿದ್ದ. ಅಪ್ಪ ಹತ್ತಿದ. ನಾನು ಎದುರಿಗೆ ನಿಂತು ಕೈ ಬೀಸಿದೆ.

ಮೊದಲನೆಯದು ಕೆಟ್ಟಿತು. ಗಾಲಿ ಕಂಬಳಿಯನ್ನು ಮುಂದಕ್ಕೆ ದೂಡಿತು, ಒಳಗಿನ ಬಟ್ಟೆಯೂ ಜರುಗಿತು. ಎತ್ತಿ ನೋಡಿದರೆ ಒಬ್ಬೊಬ್ಬ ಮನುಷ್ಯನಿಗೆ ಎರಡೆರಡು ಮುಖ, ಬಲ್ಬುಗಳೆಲ್ಲ ಬಾಲದ ಚುಕ್ಕಿಗಳ ಹಾಗೆ. ಅಪ್ಪ ಕೆಳಗಿಳಿದು ಬಂದು ನೋಡಿದ. ರಸ್ತೆಯ ಅಂಚಿಗೆ ಹೋಗಿ ಕೂತುಬಿಟ್ಟ.

"ನಾ ಕೆಡಸಿದೆ. ಸುಭಾಸ ನಡಸ್ಲಿ" ಅಂದ.

ನಾನು ಹತ್ತಿರ ಹೋಗಿ ಇಲ್ಲ ಎಂದೆ. ಅವನು ನನ್ನ ಬಾಯಿಯ ಕಡೆ ನೋಡಲೇ ಇಲ್ಲ. ನೋಡದಿದ್ದರೆ ಅವನಿಗೆ ಏನು ಹೇಳುವುದು? ಅಲ್ಲೇ ಬಿದ್ದಿದ್ದ ಸುಣ್ಣದ ಹರಳೊಂದನ್ನು ತೆಗೆದುಕೊಂಡು, ಅವನ ಕಾಲ ಮುಂದೆ, ಹೊಸ ಡಾಂಬರಿನ ಮೇಲೆ ದೊಡ್ಡದಾಗಿ ಬರೆದೆ. "ನೀನೇ ನಡೆಸಬೇಕು." ಅಪ್ಪ ಅದನ್ನೇ ನೋಡುತ್ತ ಕೂತ.

ಆಗ ಮಾತಾಡಿದವಳು ಗುರುಬಸವ್ವ. ಗಾಲಿ ಹತ್ತುವ ಕಡೆಯ ಅಂಚನ್ನು ಇಬ್ಬರು ಎಳೆದು ಹಿಡಿದರೆ ಕಂಬಳಿ ಜರುಗಲಿಕ್ಕಿಲ್ಲ ಎಂದಳು. ಹಾಗೆ ಹಿಡಿದು ನಿಲ್ಲಬೇಕಾದರೆ ಗಾಲಿಯ ಪಕ್ಕದಲ್ಲೇ, ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ ನಿಲ್ಲಬೇಕು. ಯಾರೂ ಮುಂದೆ ಬರಲಿಲ್ಲ. ಅವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು.

"ಒಂದ ಮೂಲಿ ನಾ ಹಿಡೀತೇನಿ. ಗಂಗಿಬಾಯಿ, ಇನ್ನೊಂದ ನೀ ಹಿಡಿ" ಎಂದು ಅವ್ವನನ್ನು ಕರೆದಳು. ಆಮೇಲೆ ನನ್ನ ಕಡೆ ತಿರುಗಿ, "ಕಾಶಿರಾಮಣ್ಣಗ ಹೇಳು ತಂಗಿ. ನಾ ಇಲ್ಲೇ ನಿಂತಿರ್ತೇನಿ, ಅಂವ ನಡಸ್ಲಿ. ನನಗ ಅಂಜಿಕಿ ಇಲ್ಲ."

ನಾನು ಹೇಳಬೇಕಾಗಲಿಲ್ಲ. ಅವಳು ಎಲ್ಲಿ ನಿಂತಿದ್ದಾಳೆಂದು ಅಪ್ಪ ನೋಡಿದ. ಎದ್ದ.

ಎರಡನೆಯ ಸಲ ಅವನು ಬಂದದ್ದು ಮಲಗಿದ ಕೂಸಿಗೆ ಹೊದಿಕೆ ಹೊದಿಸುವಷ್ಟು ನಿಧಾನ. ಅವ್ವ, ಗುರುಬಸವ್ವ ಎರಡು ಕಡೆ ಎಳೆದು ಹಿಡಿದರು. ಸುಭಾಸ ಹಿಂದಿನಿಂದ ಏನೋ ಕೂಗಿದ, ಯಾರೋ ನಕ್ಕರು, ಬಸ್ಸೊಂದು ಹಾರ್ನ್ ಹೊಡೆಯಿತು. ಅಪ್ಪನ ಕಣ್ಣು ನನ್ನ ಕೈ ಬಿಟ್ಟು ಕದಲಲಿಲ್ಲ. ಮುಷ್ಟಿ ಕಟ್ಟಿದೆ. ನಿಂತ.

ಬಟ್ಟೆಯನ್ನು ಅವ್ವನೇ ಎತ್ತಿದಳು. ಬಾಲು, ಬಂದಿತ್ತು. ಬಲ್ಬಿನ ಸುತ್ತ ಹೊಗೆ, ಹೊಗೆಯ ಕೆಳಗೆ ತಲೆಗಳು, ತಲೆಗಳ ನಡುವೆ ಬಿಟ್ಟುಕೊಟ್ಟ ಆ ಸಣ್ಣ ಸಣ್ಣ ಬೆಳಕಿನ ಜಾಗ. ಎಲ್ಲವೂ ಇತ್ತು. ಇನ್ನೊಂದನ್ನೂ ತೆಗೆದೆವು, ಅದೂ ಚೆನ್ನಾಗಿ ಬಂತು. ಒಂದನ್ನು ಪ್ರದರ್ಶನಕ್ಕೆ ತಂದೆ, ಒಂದನ್ನು ಕ್ಯಾಂಪಿಗೆ ಬಿಟ್ಟೆ. ಕೆಟ್ಟದ್ದನ್ನು ಗ್ಯಾಂಗಿನ ಹೆಂಗಸೊಬ್ಬಳು ಕೂಸಿನ ಜೋಳಿಗೆಗೆ ಆಗುತ್ತದೆಂದು ಕೇಳಿ ಇಸಿದುಕೊಂಡಳು.

ಹೊರಡುವಾಗ ಅಪ್ಪ ರೋಲರ್ ಒರೆಸುತ್ತಿದ್ದ. ಕೀಲಿಯನ್ನು ಸುಭಾಸನ ಕೈಗೆ ಕೊಟ್ಟದ್ದನ್ನು ನೋಡಿದೆ. ಅದನ್ನು ನೋಡಬಾರದಿತ್ತು ಅನಿಸಿತು.

ಅಪ್ಪನ ಕಿವಿಯ ಮಾತನ್ನು ನೀನು ಬಿಡಬೇಡ. ನಾನೂ ಬಿಡುವುದಿಲ್ಲ.

ಅಕ್ಕ


ಜೋಯಿಡಾ ರಸ್ತೆ ಕ್ಯಾಂಪ್
23 ಫೆಬ್ರವರಿ 2025

ಮಗಳೇ,

ನಿನ್ನ ಪ್ರದರ್ಶನಕ್ಕೆ ಬರಲಾಗಲಿಲ್ಲ. ರಸ್ತೆ ಮುಗಿಸುವ ಅವಸರವಿತ್ತು. ಮುಗಿಯಿತು. ಚಕ್ಕಡಿಗಳು ಹೊಸ ರಸ್ತೆಯ ಮೇಲೆಯೇ ಉಳವಿಗೆ ಹೋಗಿ ಬಂದವು. ನಾನು ಬಾವುಟ ಹಿಡಿದು ಅವಕ್ಕೆ ದಾರಿ ಬಿಡಿಸಿದೆ.

ನೀನು ಬಿಟ್ಟುಹೋದ ಬಟ್ಟೆಯನ್ನು ಶೆಡ್ಡಿನ ಒಳಗೆ ಉದ್ದಕ್ಕೆ ಕಟ್ಟಿದ್ದೇವೆ. ಕೆಲಸ ಬಿಟ್ಟು ಬಂದವರು ಚಹಾ ಹಿಡಿದು ಅದರ ಮುಂದೆ ನಿಲ್ಲುತ್ತಾರೆ. ಸುತ್ತ ಕಾಡು, ಒಳಗೆ ಹುಬ್ಬಳ್ಳಿ. ಸುಭಾಸ ಆಟೋದವನಿಗೆ ಒಂದು ಹೆಸರಿಟ್ಟು ಬೈಯುತ್ತಾನೆ, ನಡುವೆ ನಿಂತಿದ್ದಾನೆಂದು.

ನಾನು ಹುಬ್ಬಳ್ಳಿಗೆ ಹೋದದ್ದು ರಸ್ತೆ ಹಾಕಲು ಮಾತ್ರ. ರಸ್ತೆ ಹಾಕುವಾಗ ಬೀದಿ ಬಂದ್ ಇರುತ್ತದೆ. ಅಂಗಡಿಯ ಬಾಗಿಲು ಹಾಕಿರುತ್ತದೆ, ಜನ ಬೇರೆ ದಾರಿ ಹಿಡಿದಿರುತ್ತಾರೆ. ಕೆಲಸ ಮುಗಿದು ಜನ ಬರುವ ಹೊತ್ತಿಗೆ ನಮ್ಮನ್ನು ಮುಂದಿನ ಊರಿಗೆ ಕಳಿಸಿರುತ್ತಾರೆ. ನಾನು ಎಷ್ಟೋ ಊರಿನ ರಸ್ತೆಗಳ ಮೇಲೆ ಹಾದಿದ್ದೇನೆ. ಅವುಗಳ ಮೇಲೆ ಜನ ಹೇಗೆ ತಿರುಗಾಡುತ್ತಾರೆ ಎಂದು ನಿಂತು ನೋಡಿದ್ದು ಈ ಬಟ್ಟೆಯಲ್ಲಿಯೇ.

ಮುಂಡಗೋಡದ ನೌಕರಿಯ ಸಿಟ್ಟು ಪೂರ್ತಿ ಹೋಗಿಲ್ಲ. ಹೋಗಿದೆ ಎಂದು ಸುಳ್ಳು ಬರೆಯುವುದಿಲ್ಲ. ಆದರೆ ಇನ್ನು ಮುಂದೆ ಯಾರಾದರೂ ನಿನ್ನ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ಶೆಡ್ಡಿನ ಒಳಗೆ ಕರೆದು ತೋರಿಸುತ್ತೇನೆ.

ಮತ್ತೆ ರೋಲರ್ ನಡೆಸಲು ಕೊಡಿ ಎಂದು ಮಹಾಬಳೇಶ್ವರ ಅವರನ್ನು ಕೇಳಿದೆ. ಈ ಸಲ ನಾನೇ ಕೇಳಿದೆ, ಅವ್ವ ಪಕ್ಕದಲ್ಲಿ ಇರಲಿಲ್ಲ. ಅವರು ನನಗೆ ಕೇಳಿಸುವ ಹಾಗೆ ಗಟ್ಟಿಯಾಗಿ, ಎಲ್ಲರ ಮುಂದೆ ಹೇಳಿದರು. "ನಿನ್ನ ಕೈಯಾಗ ತಪ್ಪಿಲ್ಲ ಕಾಶಿರಾಮ. ಕಿವಿ ತೋರ್ಸ್ಕೊಂಡ ಬಾ. ಡಾಕ್ಟರ್ ಹೂಂ ಅಂದ್ರ ನಾನೂ ಹೂಂ ಅಂತೇನಿ." ಡಾಕ್ಟರು ಏನನ್ನುತ್ತಾರೋ ಗೊತ್ತಿಲ್ಲ. ತೋರಿಸುವುದಂತೂ ನಿಶ್ಚಯ ಮಾಡಿದ್ದೇನೆ. ಕಿವಿಯಲ್ಲಿ ಮಶೀನು ಇಟ್ಟುಕೋ ಎಂದರೆ ಇಟ್ಟುಕೊಳ್ಳುತ್ತೇನೆ. ಜೀವಮಾನವೆಲ್ಲ ಮಶೀನಿನ ಮೇಲೆ ಕೂತವನಿಗೆ ಒಂದು ಸಣ್ಣ ಮಶೀನಿನ ನಾಚಿಕೆ ಯಾಕೆ?

ಬರುವ ರವಿವಾರ ಮುಂಜಾನೆಯ ಬಸ್ಸಿಗೆ ನಾನೂ ನಿನ್ನ ಅವ್ವನೂ ಹೊರಡುತ್ತೇವೆ. ಸೋಮವಾರ ನೀನು ರಜೆ ಹಾಕು, ದವಾಖಾನೆಗೆ ಹೋಗೋಣ.

ಬಸ್ ಸ್ಟ್ಯಾಂಡಿಗೆ ಮಗಳು ಬರಲಿ, ದಾರಿ ತಪ್ಪೀತು ಎಂದು ನಾನು ಹೇಳಿದೆ. ನಿನ್ನ ಅವ್ವ ಒಪ್ಪಲಿಲ್ಲ. ನನ್ನ ಕೈ ಹಿಡಿದು ಬಟ್ಟೆಯ ಮುಂದೆ ನಿಲ್ಲಿಸಿದಳು. ಬಳೆ ಅಂಗಡಿಯ ಮೇಲೆ ಬೆರಳಿಟ್ಟಳು, ಅಲ್ಲಿಂದ ಆಟೋ ಬಳಸಿ, ಹೂವಿನವಳ ಹಿಂದೆ ಹಾದು, ನಿನ್ನ ಓಣಿ ಒಳಗೆ ತಿರುಗುವ ಕತ್ತಲೆಯ ಮೂಲೆಯವರೆಗೆ ಬೆರಳು ಎಳೆದುಕೊಂಡು ಹೋದಳು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು.

"ದುರ್ಗದಬೈಲಿನ ತನಕಾ ಬಸ್ಸಿನವ್ರನ್ನ ಕೇಳೂಣು. ಅಲ್ಲಿಂದ ಮುಂದ ಯಾರನ್ನೂ ಕೇಳೂದು ಬ್ಯಾಡ. ನನಗ ಗೊತ್ತೈತಿ."

ನೀನು ಮನೆಯಲ್ಲೇ ಇರು. ನಾವು ಬರುತ್ತೇವೆ.

ನಿನ್ನ ಅಪ್ಪ
ಕಾಶಿರಾಮ